ಅಜ್ಜಿ ಕೊಂಡ ಮನೆ: ಫ್ರಾನ್ಸಿನ ನೊಆಂನಲ್ಲಿ ನಾಲ್ಕು ದಿನ

ಮೊದಲ ದಿನ: ಇದು ಬೇರೆ ಆಂಧ್ರ

ಮಗಳು ಪ್ಯಾರಿಸ್ಸಿನಲ್ಲಿ ಓದುತ್ತಾಳೆ. ಸೆಪ್ಟೆಂಬರಿನಲ್ಲಿ ಅವಳ ಜೊತೆ ಒಂದು ತಿಂಗಳು ಇದ್ದುಬರೋಣ ಅಂತ ಹೋಗಿದ್ದೆ. ಎರಡು ವಾರ ಮ್ಯೂಸಿಯಂ, ಚರ್ಚು, ಅರಮನೆ ಅಂತ ಸುತ್ತಿ ನನಗೆ ಕಾಲುನೋವು ಬಂತು, ಚಿನ್ನದ ಬಣ್ಣ ಹೊಡೆದ ಛಾವಣಿ ನೋಡಿ ಕತ್ತುನೋವೂ ಬಂತು. "ಯಾರಾದರೂ ನಿಜವಾಗಿ ಬದುಕಿ ಬಾಳಿದ ಮನೆ ತೋರಿಸು ಮಾರಾಯ್ತಿ, ರಾಜರದ್ದು ಸಾಕು" ಅಂದೆ. ಅವಳು ಎರಡು ದಿನ ಹುಡುಕಿ, "ಹಳ್ಳಿ ಮನೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು, ಅಡುಗೆಮನೆ ಹಾಗೇ ಇದೆಯಂತೆ. ನಡೀತದಾ?" ಅಂತ ಕೇಳಿದಳು. ನಡೆಯದೆ ಏನು?

ಅದು ನೊಆಂ. ಜಾರ್ಜ್ ಸಾಂಡ್ ಎಂಬ ಗಂಡು ಹೆಸರಿನಲ್ಲಿ ಬರೆದ ಲೇಖಕಿಯ ಮನೆ. ಆಕೆಯ ಹುಟ್ಟು ಹೆಸರು ಅರೋರ್ ದ್ಯುಪಾಂ. 70ರ ಹತ್ತಿರ ಕಾದಂಬರಿ ಬರೆದಿದ್ದಾರೆ. ಪತ್ರಗಳನ್ನು ಒಟ್ಟುಮಾಡಿ ಅಚ್ಚು ಹಾಕಿದರೆ ಅವೇ 26 ಸಂಪುಟ ಆದವು. ನಾನು ಒಂದೂ ಓದಿರಲಿಲ್ಲ. ಪ್ಯಾಂಟು ಹಾಕುತ್ತಿದ್ದರು, ಚುಟ್ಟಾ ಸೇದುತ್ತಿದ್ದರು, ಸಂಗೀತಗಾರ ಶೊಪಾಂ ಜೊತೆ ಇದ್ದರು, ಇಷ್ಟೇ ನನಗೆ ಗೊತ್ತಿದ್ದದ್ದು. ಹೆಂಗಸರ ವಿಷಯದಲ್ಲಿ ಜನ ನೆನಪಿಟ್ಟುಕೊಳ್ಳುವುದು ಇಂಥದ್ದನ್ನೇ ಅಲ್ವಾ?

ಪ್ಯಾರಿಸ್ಸಿನ ಆಸ್ಟರ್ಲಿಟ್ಜ್ ನಿಲ್ದಾಣದಿಂದ ಶಾತೊರೂವಿಗೆ ರೈಲು. ಎರಡು ಗಂಟೆ ಚಿಲ್ಲರೆ. ಅಲ್ಲಿಂದ ನೊಆಂ 30 ಕಿಲೋಮೀಟರ್. ಬಸ್ಸು ಇದೆ, ಆದರೆ ಅದರ ವೇಳೆಗೆ ನಾವು ಕುಣಿಯಬೇಕು. ಹಾಗಾಗಿ ಸಣ್ಣ ಕಾರು ಬಾಡಿಗೆಗೆ ತಗೊಂಡೆವು. ಮಗಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯುತ್ತೇನೆ. ಊರೊಳಗಿನ ಸಣ್ಣ ರಸ್ತೆಗಳಲ್ಲಿ ಇನ್ನೊಂದು ಪೀಕಲಾಟ. ಬೇರೆ ಗುರುತು ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಒಬ್ಬ ಮುದುಕ ಸೈಕಲ್ಲಿನಲ್ಲಿ ಬಲಗಡೆಯಿಂದ ರಾಜಗಾಂಭೀರ್ಯದಲ್ಲಿ ಬಂದ, ತಿರುಗಿಯೂ ನೋಡಲಿಲ್ಲ. ಆ ಪಾಠ ಆಮೇಲೆ ಮರೆಯಲಿಲ್ಲ.

ಈ ಜಿಲ್ಲೆಯ ಹೆಸರು, ಇಲ್ಲಿ ಹರಿಯುವ ಹೊಳೆಯ ಹೆಸರು, ಎರಡೂ ಆಂದ್ರ್. ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ಹೇಳಿದಾಗ ನನಗೆ ಆಂಧ್ರ ಅಂತಲೇ ಕೇಳಿಸಿತು. "ನಮ್ಮಲ್ಲೂ ಒಂದಿದೆ, ಊಟ ಖಾರ ಜಾಸ್ತಿ" ಅಂತ ಮಗಳ ಕೈಲಿ ಹೇಳಿಸಿದೆ. ಆಕೆ ನಕ್ಕು, "ಇಲ್ಲಿ ಖಾರ ಇಲ್ಲ, ಬೆಣ್ಣೆ ಇದೆ" ಅಂದರು.

ಶಾತೊರೂ ದಾಟಿ ಸ್ವಲ್ಪ ದೂರ ಬಯಲು. ಆಮೇಲೆ ನೆಲ ಏರಿಳಿಯತೊಡಗಿತು. ಗದ್ದೆ ಗದ್ದೆಗೂ ಬೇಲಿ. ನಮ್ಮ ಹಾಗೆ ಸತ್ತ ಮುಳ್ಳು ಕಡಿದು ಹಾಕಿದ ಬೇಲಿಯಲ್ಲ, ಜೀವಂತ ಗಿಡಗಳದ್ದು, ಆಳೆತ್ತರ. ಬೇಲಿಯ ಒಳಗೆ ಬಿಳಿ ಶಾರೊಲೆ ದನಗಳು, ಸುಣ್ಣ ಬಳಿದ ಹಾಗೆ. ಬೇಲಿಗೆ ಇಲ್ಲಿನವರ ಮಾತು 'ಬುಶ್ಯೂರ್'. ಎರಡು ಬೇಲಿಗಳ ನಡುವೆ ತಗ್ಗಿನಲ್ಲಿ ಹೋಗುವ ಗಾಡಿದಾರಿಗೆ 'ತ್ರೆನ್'. ಇವನ್ನು ನಮಗೆ ಕಲಿಸಿದ್ದು ನಾವು ಉಳಿದುಕೊಂಡ ಮನೆಯ ಯಜಮಾನಿ. ಎಪ್ಪತ್ತು ದಾಟಿದವರು, ಲಾ ಶಾತ್ರ್ ಪೇಟೆಯ ಹೊರಗೆ ತಮ್ಮ ಮನೆಯಲ್ಲೇ ಎರಡು ರೂಮು ಬಾಡಿಗೆಗೆ ಕೊಡುತ್ತಾರೆ. ನಾವು ಅವರ ಮನೆ ಮುಟ್ಟುವ ಮೊದಲು ಫೋನಿನ ನಕ್ಷೆ ನಮ್ಮನ್ನು ಒಂದು ತ್ರೆನ್ ಒಳಗೆ ನುಗ್ಗಿಸಿತ್ತು. ಎದುರಿಗೆ ಟ್ರ್ಯಾಕ್ಟರ್. ಮಗಳು ಕಾಲು ಕಿಲೋಮೀಟರ್ ಹಿಂದಕ್ಕೆ ಓಡಿಸಬೇಕಾಯಿತು. ಟ್ರ್ಯಾಕ್ಟರಿನವನು ನಿಧಾನವಾಗಿ ಹಿಂದೆಯೇ ಬಂದು, ಕೊನೆಗೆ ಟೊಪ್ಪಿ ಎತ್ತಿ ಹೋದ.

ರಾತ್ರಿ ಊಟಕ್ಕೆ ಆಲೂಗಡ್ಡೆ ಗಲೆತ್. ಪದರ ಪದರ ಹಿಟ್ಟಿಗೆ ಆಲೂಗಡ್ಡೆ, ತಾಜಾ ಗಿಣ್ಣು, ಅಂದರೆ ಚೀಸ್, ಸೇರಿಸಿ ಬೇಯಿಸುವುದು. ನಾವು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಬರೆದಿದ್ದೆವು. ನೀವೂ ಹೀಗೇ ಮುಂಚೆ ತಿಳಿಸಿ. ಇಲ್ಲಿ ಬೇಳೆ ಸಾರಿನಲ್ಲೂ ಹಂದಿಯ ಚೂರು ಇರುತ್ತದೆ.

ಎರಡನೇ ದಿನ: ಮನೆ

ಬೆಳಿಗ್ಗೆ ದಟ್ಟ ಮಂಜು. ಹತ್ತು ಗಂಟೆಗೆ ಅದು ಹರಿದಾಗ ನಾವು ನೊಆಂ ಚೌಕದಲ್ಲಿ ನಿಂತಿದ್ದೆವು. ಚೌಕ ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ಒಂದು ಪುಟ್ಟ ಚರ್ಚು, ಅದರ ಮುಂದೆ ಮರದ ಕಂಬಗಳ ಮೇಲೆ ನಿಂತ ಜಗಲಿಯಂಥ ಮಾಡು. ಕೆಲವು ಮನೆ, ಒಂದು ಹೋಟೆಲ್ಲು. ಅಷ್ಟರ ನಡುವೆ ಗೇಟು, ಗೇಟಿನ ಒಳಗೆ ಮನೆ.

ಮೊದಲ ನೋಟಕ್ಕೆ ನನಗೆ ನಿರಾಸೆಯೇ ಆಯಿತು ಅನ್ನಿ. ಗೋಪುರ ಇಲ್ಲ, ಕಂದಕ ಇಲ್ಲ, ಕೆತ್ತನೆ ಇಲ್ಲ. ನೆಟ್ಟಗೆ ನಿಂತ ಎರಡಂತಸ್ತು, ಮೇಲೆ ಅಟ್ಟದ ಕಿಟಕಿಗಳು. ಪಕ್ಕದಲ್ಲೇ ಕೊಟ್ಟಿಗೆ, ಕಣಜ. ಹದಿನೆಂಟನೇ ಶತಮಾನದಲ್ಲಿ, ಹಳೆಯ ಕೋಟೆಮನೆ ಇದ್ದ ಜಾಗದಲ್ಲಿ ಕಟ್ಟಿದ್ದು. ಇದನ್ನು ಅರಮನೆ ಅನ್ನಲಾಗದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪಟೇಲರ ಮನೆ. ಜಮೀನು, ಆಳುಕಾಳು ಎಲ್ಲ ಇದೆ, ಆದರೆ ಬಾಗಿಲು ತೆಗೆದರೆ ಊರು, ಹಿತ್ತಿಲ ಕಡೆ ಹೋದರೆ ಸಗಣಿ ವಾಸನೆ. ನನಗೆ ಬೇಕಾಗಿದ್ದದ್ದೂ ಇದೇ, ಆದರೂ ಕಣ್ಣು ಗೋಪುರ ಹುಡುಕುತ್ತಿತ್ತು.

ತೋಟಕ್ಕೆ ಟಿಕೆಟ್ ಇಲ್ಲ. ಮನೆಯೊಳಗೆ ಗೈಡ್ ಜೊತೆಗೇ ಹೋಗಬೇಕು, ಒಂದು ಸಲಕ್ಕೆ ಕೆಲವೇ ಜನ. ನಮ್ಮ ಗೈಡ್ ಮೂವತ್ತರ ಹುಡುಗ, ಮಾತು ಬರೀ ಫ್ರೆಂಚ್. ಮಗಳು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟುತ್ತಾ ಬಂದಳು. ಅವನ ಎರಡು ನಿಮಿಷ ಇವಳ ಬಾಯಲ್ಲಿ ಒಂದು ವಾಕ್ಯ. "ಅಷ್ಟೇನಾ ಅವನು ಹೇಳಿದ್ದು?" ಅಂತ ನಾನು, "ಅಷ್ಟೇ ಅಮ್ಮಾ, ಉಳಿದಿದ್ದು ಕೈ ಆಡಿಸಿದ್ದು" ಅಂತ ಅವಳು.

ಮನೆಯ ಕಥೆ ಶುರುವಾಗುವುದು 1793ರಲ್ಲಿ. ಕ್ರಾಂತಿಯ ವರ್ಷ, ಪ್ಯಾರಿಸ್ಸಿನಲ್ಲಿ ತಲೆ ಉರುಳುತ್ತಿದ್ದ ಕಾಲ. ಆಗ ಸಾಂಡ್ ಅಜ್ಜಿ, ಮಾರಿ-ಅರೋರ್ ಎಂಬ ವಿಧವೆ, 2,30,000 ಲಿವ್ರ್ ಕೊಟ್ಟು ಇದನ್ನು ಕೊಂಡರು. ಆಕೆಯ ಅಪ್ಪ ಫ್ರಾನ್ಸಿನ ದೊಡ್ಡ ಸೇನಾಪತಿ ಮೊರೀಸ್ ದ ಸಾಕ್ಸ್, 1745ರಲ್ಲಿ ಫೊಂತನುವಾ ಯುದ್ಧ ಗೆದ್ದವನು. ಅವನ ಅಪ್ಪ ಪೋಲೆಂಡಿನ ರಾಜ. ಸೇನಾಪತಿ, ಅವನ ಮಗಳು, ಇಬ್ಬರೂ ಮದುವೆಯ ಆಚೆ ಹುಟ್ಟಿದವರು. ಮನೆ ಕೊಂಡ ಸ್ವಲ್ಪ ದಿನಕ್ಕೇ ಕ್ರಾಂತಿಯವರು ಆಕೆಯನ್ನು ಹಿಡಿದು, ಸೆರೆಮನೆ ಮಾಡಿಕೊಂಡಿದ್ದ ಒಂದು ಕಾನ್ವೆಂಟಿನಲ್ಲಿ ಕೂಡಿಹಾಕಿದರು. ಮುಂದೆ ಮೊಮ್ಮಗಳನ್ನು ಓದಲು ಕಳಿಸಿದ್ದು ಅದೇ ಕಾನ್ವೆಂಟಿಗೆ! ಗೈಡ್ ಇದನ್ನು ನಗದೆ ಹೇಳಿದ. ನಾನು ನಕ್ಕುಬಿಟ್ಟೆ, ಎಲ್ಲರೂ ತಿರುಗಿ ನೋಡಿದರು.

ಅಜ್ಜಿಯ ಒಬ್ಬನೇ ಮಗ ಮದುವೆಯಾಗಿದ್ದು ಪ್ಯಾರಿಸ್ಸಿನಲ್ಲಿ ಹಕ್ಕಿ ಮಾರುತ್ತಿದ್ದವನ ಮಗಳನ್ನು. ಅಜ್ಜಿಗೆ ಸೊಸೆ ಅಂದರೆ ಆಗದು. 1804ರಲ್ಲಿ ಮೊಮ್ಮಗಳು ಹುಟ್ಟಿದಳು. ನಾಲ್ಕು ವರ್ಷದ ಮಗುವಾಗಿ ನೊಆಂಗೆ ಬಂದಳು. ಅದೇ 1808ರ ಸೆಪ್ಟೆಂಬರಿನಲ್ಲಿ ಅಪ್ಪ ಲಾ ಶಾತ್ರ್‌ನಿಂದ ರಾತ್ರಿ ಮನೆಗೆ ಬರುವಾಗ ಕುದುರೆಯಿಂದ ಬಿದ್ದು ಸತ್ತ. ಅಂದರೆ ನಾವು ಬೆಳಿಗ್ಗೆ ಬಂದ ದಾರಿಯಲ್ಲೇ. ಆಮೇಲೆ ಅತ್ತೆ ಸೊಸೆ ಎರಡು ಕಡೆಯಿಂದ ಎಳೆದಾಡಿದ ಮಗು ಅದು. ರಾಜನ ರಕ್ತ ಒಂದು ಕಡೆ, ಹಕ್ಕಿ ಪಂಜರ ಇನ್ನೊಂದು ಕಡೆ. ಗೆದ್ದದ್ದು ಅಜ್ಜಿ. 1821ರಲ್ಲಿ ಆಕೆ ತೀರಿಕೊಂಡಾಗ ಮನೆ ಹದಿನೇಳು ವರ್ಷದ ಮೊಮ್ಮಗಳಿಗೆ ಬಂತು.

ಇಲ್ಲಿ ನಾನು ಗೈಡ್‌ಗಿಂತ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. ಮರುವರ್ಷ ಮದುವೆ. ಆ ಕಾಲದ ಫ್ರೆಂಚ್ ಕಾನೂನಿನಲ್ಲಿ ಹೆಂಡತಿಯ ಆಸ್ತಿಯ ಯಜಮಾನಿಕೆ ಗಂಡನ ಕೈಗೆ. ಅಜ್ಜಿ ಕೊಟ್ಟ ಮನೆಯಲ್ಲಿ ಮೊಮ್ಮಗಳೇ ನೆಂಟಳು! ಆಕೆ ಪ್ಯಾರಿಸ್ಸಿಗೆ ಹೋಗಿ ಬರೆಯತೊಡಗಿದ್ದು, ಗಂಡು ಹೆಸರು ಇಟ್ಟುಕೊಂಡದ್ದು, ಎಲ್ಲ ಇದರ ನಂತರ. ಆಮೇಲೆ ಕೋರ್ಟಿಗೆ ಹೋದರು. 1836ರಲ್ಲಿ ಗಂಡನಿಂದ ಬೇರೆಯಾಗಿ ನೊಆಂ ವಾಪಸು ಪಡೆದರು. ನನ್ನ ಸ್ವಂತ ಅಜ್ಜಿ ಸಾಗರದ ಹತ್ತಿರದ ನಮ್ಮ ಮನೆಯ ಪಾಲುಪಟ್ಟಿಯ ದಿನ ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಹೊರಗೆ ಜಗಲಿಯಲ್ಲಿ ಗಂಡಸರು ಲೆಕ್ಕ ಹಾಕುತ್ತಿದ್ದರು. ಅವಳನ್ನು ಯಾರೂ ಕೇಳಲಿಲ್ಲ. ಗೈಡ್ ಮುಂದಿನ ಕೋಣೆಗೆ ಹೋಗಿದ್ದ. ಮಗಳು ಕೈ ಹಿಡಿದು ಎಳೆದಳು.

ಅಡುಗೆಮನೆ ಅಂತೂ ಕೊನೆಗೆ ಸಿಕ್ಕಿತು. ಗೋಡೆ ತುಂಬ ತಾಮ್ರದ ಪಾತ್ರೆ. ಕಬ್ಬಿಣದ ದೊಡ್ಡ ಒಲೆ. ಒಳಗಿನಿಂದ ಆಳುಗಳನ್ನು ಕರೆಯಲು ಸಾಲು ಗಂಟೆಗಳು. ಆಕೆ ಮನೆಗೆ ಬಿಸಿಗಾಳಿ ಬರುವ ಏರ್ಪಾಡನ್ನೂ ಮಾಡಿಸಿದ್ದರಂತೆ. ಹಣ್ಣಿನ ಕಾಲದಲ್ಲಿ ಜಾಮ್ ಮಾಡುವುದು ಅವರ ಸ್ವಂತ ಕೆಲಸ. ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲವಂತೆ. ನನಗೆ ಆ ತಾಮ್ರದ ಬಾಣಲೆಗಳನ್ನು ನೋಡಿ ಹಲಸಿನ ಹಪ್ಪಳದ ದಿನಗಳ ನಮ್ಮ ಹಿತ್ತಿಲು ನೆನಪಾಯಿತು. "ಕಲಾಯಿ ಹಾಕಿಸಬೇಕು ಇದಕ್ಕೆ" ಅಂದೆ. ಮಗಳು ಅದನ್ನು ಅನುವಾದ ಮಾಡಲಿಲ್ಲ.

ಊಟದ ಕೋಣೆಯಲ್ಲಿ ಮೇಜು ಸಿದ್ಧವಾಗಿದೆ. ತಟ್ಟೆ, ಲೋಟ, ಮೇಲೆ ವೆನಿಸ್‌ ಹತ್ತಿರದ ಮುರಾನೊ ಗಾಜಿನ ತೂಗುದೀಪ. ಪ್ರತಿ ತಟ್ಟೆಯ ಮುಂದೆ ಒಬ್ಬೊಬ್ಬ ಅತಿಥಿಯ ಹೆಸರಿನ ಚೀಟಿ: ಕಾದಂಬರಿಕಾರರಾದ ಫ್ಲೋಬೇರ್, ತುರ್ಗೇನೆವ್, ಹಾಡುಗಾರ್ತಿ ಪೊಲೀನ್ ವಿಯಾರ್ದೊ. ಪ್ರವಾಸಿಗರಿಗೋಸ್ಕರ ಜೋಡಿಸಿಟ್ಟದ್ದು ಅಂತ ಗೊತ್ತು, ಆದರೂ ಈಗ ಬಂದಾರು ಅನಿಸುತ್ತದೆ. ಸಂಗೀತಗಾರ ಲಿಸ್ಟ್, ಕಾದಂಬರಿಕಾರ ಬಾಲ್ಜಾಕ್, ಚಿತ್ರಕಾರ ಡೆಲಾಕ್ರ್ವಾ ಎಲ್ಲರೂ ಬಂದು ಉಂಡುಹೋದ ಮನೆ. ಡೆಲಾಕ್ರ್ವಾ ಇಲ್ಲಿದ್ದಾಗ ಚಿತ್ರ ಬರೆಯುವ ಆಸೆಯಾಗಿ ಕ್ಯಾನ್ವಾಸ್ ಇರಲಿಲ್ಲವಂತೆ. ಸಾಂಡ್ ಕೋರ್ಸೆಟ್ ಹೊಲಿಸಲು ತಂದಿದ್ದ ಗಟ್ಟಿ ಬಟ್ಟೆಯ ಮೇಲೇ ಮೇರಿ ಮಾತೆಯ ಚಿತ್ರ ಬರೆದ. ಪಕ್ಕದ ಹಜಾರದಲ್ಲಿ ದೊಡ್ಡ ಮೊಟ್ಟೆಯಾಕಾರದ ಮೇಜು. ಅದನ್ನು ಮಾಡಿದ್ದು ಊರಿನ ಬಡಗಿ ಪಿಯೇರ್ ಬೊನಾಂ. ರಾತ್ರಿ ಊಟ ಆದಮೇಲೆ ಇದರ ಸುತ್ತ ಕೂತು ಒಬ್ಬರು ಓದುವುದು, ಒಬ್ಬರು ಚಿತ್ರ ಬರೆಯುವುದು, ಸಾಂಡ್ ಹೊಲಿಗೆ ಹಾಕುವುದು. ಮನೆಯಲ್ಲೇ ಪುಟ್ಟ ನಾಟಕಶಾಲೆ ಬೇರೆ. ಮಗ ಮೊರೀಸ್ ಗೊಂಬೆಯ ತಲೆ ಕೆತ್ತುತ್ತಿದ್ದ, ಅಮ್ಮ ಅವಕ್ಕೆ ಬಟ್ಟೆ ಹೊಲಿಯುತ್ತಿದ್ದರು. ಆ ಗೊಂಬೆಗಳು ಇನ್ನೂ ಇವೆ, ಕಣ್ಣು ಬಿಟ್ಟುಕೊಂಡು.

ಎಲ್ಲರೂ ಮಲಗಿದ ಮೇಲೆ ಆಕೆ ಬರೆಯಲು ಕೂರುತ್ತಿದ್ದರು, ಬೆಳಗಿನ ಜಾವದವರೆಗೆ. ಮೊದಲ ವರ್ಷಗಳಲ್ಲಿ ಬಾಗಿಲು ತೆರೆದರೆ ಮೇಜಾಗುವ ಒಂದು ಕಪಾಟೇ ಅವರ ಬರೆಯುವ ಜಾಗ. ಅಷ್ಟು ಜನರ ಊಟ, ಸೌದೆ, ಆಳುಗಳ ಸಂಬಳ, ಛಾವಣಿ ರಿಪೇರಿ, ಬಹುಪಾಲು ಆ ರಾತ್ರಿಗಳ ಬರವಣಿಗೆಯಿಂದ ಹುಟ್ಟಬೇಕಿತ್ತು.

ನಮ್ಮ ಗುಂಪಿನವರಿಗೆ ಮಾತ್ರ ಶೊಪಾಂ ಕೋಣೆ ಎಲ್ಲಿ ಅನ್ನುವುದೇ ಚಿಂತೆ. 1839ರಲ್ಲಿ ಒಂದು, ಆಮೇಲೆ 1841ರಿಂದ 1846ರವರೆಗೆ ಪ್ರತಿವರ್ಷ, ಒಟ್ಟು ಏಳು ಬೇಸಿಗೆ ಅವರು ಇಲ್ಲಿ ಕಳೆದರು. ತಮ್ಮ ಎಷ್ಟೋ ದೊಡ್ಡ ರಚನೆಗಳನ್ನು ಇಲ್ಲೇ ಮಾಡಿದರು. ಡೆಲಾಕ್ರ್ವಾ ಒಂದು ಪತ್ರದಲ್ಲಿ, ತೋಟದ ಕಡೆ ತೆರೆದ ಕಿಟಕಿಯಿಂದ ಶೊಪಾಂ ಪಿಯಾನೊ ಕೇಳಿಬರುವುದನ್ನು, ಅದರ ಜೊತೆ ನೈಟಿಂಗೇಲ್ ಹಕ್ಕಿಯ ಹಾಡು, ಗುಲಾಬಿಯ ವಾಸನೆ ಬೆರೆಯುವುದನ್ನು ಬರೆದಿದ್ದಾನೆ. ಶೊಪಾಂಗೆ ಗಲಾಟೆ ಆಗದು, ಅದಕ್ಕೇ ಬಾಗಿಲಿಗೆ ಮೆತ್ತೆ ಹಾಕಿಸಿದ್ದರು. ಆ ಬಾಗಿಲು ಉಳಿದಿದೆ, ಕೋಣೆ ಉಳಿದಿಲ್ಲ. ಇಬ್ಬರೂ ದೂರವಾದ ಮೇಲೆ ಸಾಂಡ್ ಅದನ್ನು ಬೇರೆ ಉಪಯೋಗಕ್ಕೆ ಮಾರ್ಪಡಿಸಿದರು. ಗುಂಪಿನ ಒಬ್ಬ ಹೆಂಗಸು ಇದನ್ನು ಕೇಳಿ ತುಂಬ ಬೇಜಾರು ಮಾಡಿಕೊಂಡರು. ನನಗೇನೋ ಸರಿಯಾಗೇ ಮಾಡಿದರು ಅನಿಸಿತು.

ಹೊರಗೆ ಬಂದಾಗ ಎರಡೂಕಾಲು. ಹತ್ತಿರದ ಒಂದು ಕಡೆ ಊಟಕ್ಕೆ ಹೋದರೆ ಎರಡಕ್ಕೇ ಒಲೆ ಆರಿಸಿದ್ದಾರೆ! ಇಲ್ಲಿ ಹಸಿವು ಹನ್ನೆರಡರಿಂದ ಎರಡರೊಳಗೆ ಆಗಬೇಕು. ಚೀಲದಲ್ಲಿದ್ದ ಬ್ರೆಡ್ಡು, ಪೂಲಿನಿ-ಸಾಂ-ಪಿಯೇರ್ ಅನ್ನುವ ಪಿರಮಿಡ್ ಆಕಾರದ ಮೇಕೆ ಗಿಣ್ಣು ತಗೊಂಡು ತೋಟದ ಬೆಂಚಿನಲ್ಲಿ ಕೂತೆವು. ಎದುರಿಗೆ ಎರಡು ದೈತ್ಯ ಸೀಡರ್ ಮರಗಳು. ಮಗ ಹುಟ್ಟಿದಾಗ ಒಂದು, ಮಗಳು ಸೊಲಾಂಜ್ ಹುಟ್ಟಿದಾಗ ಒಂದು ನೆಟ್ಟದ್ದಂತೆ.

ಮನೆಯ ಪಕ್ಕದಲ್ಲೇ ಕುಟುಂಬದ ಸ್ಮಶಾನ. ಅಜ್ಜಿ, ಅಪ್ಪ, ಮಕ್ಕಳು, ಎಲ್ಲರೂ ಅಲ್ಲೇ. ಸಾಂಡ್ ತೀರಿಕೊಂಡದ್ದು 1876ರ ಜೂನ್ 8ರಂದು, ಮೇಲಿನ ನೀಲಿ ಕೋಣೆಯಲ್ಲಿ. ಕೊನೆಗೆ ಹಸಿರನ್ನು ಬಿಡಿ ಅಂತ ಏನೋ ಅಂದರಂತೆ. ಎರಡು ದಿನ ಬಿಟ್ಟು ಮಳೆಯಲ್ಲಿ ಮಣ್ಣು ಮಾಡಿದರು. ಪ್ಯಾರಿಸ್ಸಿನಿಂದ ಬಂದ ಫ್ಲೋಬೇರ್ ಅತ್ತುಬಿಟ್ಟನಂತೆ. ಅಲ್ಲಿ ಗೋರಿಗಳ ನಡುವೆ ಒಬ್ಬ ಅಜ್ಜ ನಾಯಿ ಹಿಡಿದು ನಿಂತಿದ್ದ. 2004ರಲ್ಲಿ ಆಕೆ ಹುಟ್ಟಿ 200 ವರ್ಷ. ಆ ಹೊತ್ತಿಗೆ ಅಸ್ಥಿಯನ್ನು ದೇಶದ ದೊಡ್ಡವರ ಸಮಾಧಿಗಳಿರುವ ಪ್ಯಾರಿಸ್ಸಿನ ಪಾಂಥೆಯೊಂಗೆ ಸಾಗಿಸುವ ಮಾತು ಎದ್ದು, ಇಲ್ಲಿ ವಿರೋಧ ಬಂತು. ಅದನ್ನು ಕೇಳಿದ್ದಕ್ಕೆ ಅಜ್ಜ ನಾಯಿಯ ಹಗ್ಗ ಬಿಗಿ ಹಿಡಿದು, "ಅಲ್ಲಿ ಕಲ್ಲು ಬಿಟ್ಟರೆ ಏನಿದೆ ಮದಾಮ್?" ಅಂದ.

ಮೂರನೇ ದಿನ: ಮಳೆ

ಬೆಳಿಗ್ಗೆಯಿಂದ ಜಿಟಿಜಿಟಿ. ನಮ್ಮ ಛತ್ರಿ ನೊಆಂನ ಟಿಕೆಟ್ ಕೌಂಟರಿನಲ್ಲೇ ಉಳಿದಿತ್ತು. ಯಜಮಾನಿ ತಮ್ಮ ಹಸಿರು ರೇನ್‌ಕೋಟು ಕೊಟ್ಟರು, ಅದರಲ್ಲಿ ನಾನು ಕಂಬಳಿಕೊಪ್ಪೆ ಹಾಕಿದ ಹಾಗೆ ಕಂಡೆ.

ನೊಆಂನಿಂದ ವಿಕ್ ಎರಡು ಕಿಲೋಮೀಟರ್. ಅಲ್ಲಿನ ಸಾಂ ಮಾರ್ತಾಂ ಚರ್ಚು ಹೊರಗಿನಿಂದ ಉಗ್ರಾಣದ ಹಾಗೆ. ಒಳಗೆ ಕತ್ತಲು. ಫೋನಿನ ಬೆಳಕು ಬಿಟ್ಟು ನೋಡಲು ಹೋಗಬೇಡಿ, ಸುಮ್ನೆ ಐದು ನಿಮಿಷ ಕೂರಿ. ನಿಧಾನಕ್ಕೆ ಗೋಡೆಯಿಂದ ಜನ ಹೊರಗೆ ಬರುತ್ತಾರೆ. ಕೆಂಗಾವಿ, ಹಳದಿ, ಉದ್ದ ಕೈಬೆರಳು, ದೊಡ್ಡ ಕಣ್ಣು. ಹನ್ನೆರಡನೇ ಶತಮಾನದ ಚಿತ್ರಗಳು. ಕ್ರಿಸ್ತನಿಗೆ ಮುತ್ತಿಡುವ ಯೂದನ ಸುತ್ತ ಎಷ್ಟು ನೂಕುನುಗ್ಗಲು ಅಂದರೆ ಜಾತ್ರೆಯ ತೇರಿನ ಹಗ್ಗ ನೆನಪಾಗುತ್ತದೆ. ಇವೆಲ್ಲ ಸುಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದವು. 1849ರಲ್ಲಿ ಇಲ್ಲಿನ ಪಾದ್ರಿ ಸುಣ್ಣ ಕೆರೆದಾಗ ಹೊರಬಿದ್ದವು. ಸಾಂಡ್ ಕೂಡಲೇ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿದ್ದ ಮೆರಿಮೆಗೆ ತಿಳಿಸಿದರು. ಅವನು ಸಾಹಿತಿಯೂ ಹೌದು, ಸಾಂಡ್‌ಗೆ ಅವನ ಜೊತೆ ಹಿಂದೆ ಸರಿಬಂದಿರಲಿಲ್ಲ. ಆದರೂ ಬರೆದರು, ಚರ್ಚು ಉಳಿಯಿತು.

ಮಧ್ಯಾಹ್ನ 'ಸೈತಾನನ ಹೊಂಡ' ನೋಡಲು ಕಾಡಿಗೆ ಹೋದೆವು. ಸಾಂಡ್ ಕಥೆಯಿಂದ ಪ್ರಸಿದ್ಧವಾದ ಜಾಗ. ಕಾಡಿನ ದಾರಿ ಕೆಸರು. ನನ್ನ ಎಡಗಾಲಿನ ಚಪ್ಪಲಿ ಹೂತುಹೋಗಿ, ಒಂಟಿಕಾಲಲ್ಲಿ ಮಗಳನ್ನು ಹಿಡಿದು ನಿಂತೆ. ಅವಳು ಕೋಲು ಹಾಕಿ ಮೀಟಿ ತೆಗೆದಳು. ಕೊನೆಗೆ ಸಿಕ್ಕ ಹೊಂಡದಲ್ಲಿ ಎಮ್ಮೆ ಕೂಡ ನೆನೆಯಲಾರದು. ಸೈತಾನ ಬಂದಿದ್ದರೂ ಬೇಸತ್ತು ಹೋಗಿರಬೇಕು. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟು ವಿಕ್‌ನಲ್ಲೇ ಇನ್ನೊಂದು ಗಂಟೆ ಕೂರಿ.

ಸಂಜೆ ಯಜಮಾನಿ ಇಲ್ಲಿನ, ಅಂದರೆ ಬೆರಿ ಸೀಮೆಯ, ಹಸಿರು ಬೇಳೆಯ ಸಾರು ಮಾಡಿದ್ದರು, ಹಂದಿ ಇಲ್ಲದೆ. "ಏನೋ ಕಮ್ಮಿ ಇದೆ ಅಲ್ವಾ?" ಅಂತ ಅವರಿಗೇ ಸಂಕೋಚ. ನಾನು ಚೀಲದಿಂದ ಜೀರಿಗೆ, ಒಣಮೆಣಸು ತೆಗೆದು ಬೆಣ್ಣೆಯಲ್ಲಿ ಒಗ್ಗರಣೆ ಹಾಕಿದೆ. ಮನೆ ತುಂಬ ಘಾಟು. ಮೂವರೂ ಕೆಮ್ಮಿದೆವು. ಅವರು ಎರಡು ಸಲ ಬಡಿಸಿಕೊಂಡರು.

ನಾಲ್ಕನೇ ದಿನ: ವಾಪಸು

ಛತ್ರಿಗೋಸ್ಕರ ಮತ್ತೆ ನೊಆಂ. ಕೌಂಟರಿನ ಹುಡುಗಿ ಮೊಳೆಗೆ ನೇತುಹಾಕಿದ್ದ ಛತ್ರಿ ತೆಗೆದುಕೊಟ್ಟು, ಮತ್ತೆ ಮನೆ ನೋಡುತ್ತೀರಾ ಅಂದಳು. ಹೊತ್ತಿರಲಿಲ್ಲ. ಮನೆ ನೋಡಿದ ದಿನ ಬಿಟ್ಟುಹೋಗಿದ್ದ ಒಂದು ಪ್ರಶ್ನೆ ಮಾತ್ರ ಕೇಳಿದೆ. ಮನೆ ಸರ್ಕಾರಕ್ಕೆ ಬಂದದ್ದು ಹೇಗೆ? ಮೊರೀಸನ ಮಗಳು, ಅವಳ ಹೆಸರೂ ಅರೋರ್, 1952ರಲ್ಲಿ ದಾನವಾಗಿ ಕೊಟ್ಟರಂತೆ. ಬಾಲ್ಯದಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತವರು. 1961ರವರೆಗೆ ಬದುಕಿದ್ದರು. ಕೊಂಡವಳು ಅರೋರ್, ಉಳಿಸಿದವಳು ಅರೋರ್, ಕೊಟ್ಟವಳು ಅರೋರ್. ಇದನ್ನು ಆ ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದಳು.

ದಾರಿಯಲ್ಲಿ ಗಾರ್ಜಿಲೆಸ್ ಹಳ್ಳಿಗೂ ಹೋದೆವು. 1857ರಲ್ಲಿ ಸಾಂಡ್ ಜೊತೆಗಾರ, ಅಚ್ಚುಚಿತ್ರಗಾರ ಮಾನ್ಸೊ ಅಲ್ಲಿ ಒಂದು ಸಣ್ಣ ಮನೆ ಕೊಂಡ. ದೊಡ್ಡ ಮನೆಯ ನೆಂಟರಿಷ್ಟರಿಂದ ತಪ್ಪಿಸಿಕೊಂಡು ಆಕೆ ಅಲ್ಲಿಗೆ ಹೋಗಿ ಬರೆಯುತ್ತಿದ್ದರು. ಒಂದು ಪತಂಗದ ಹೆಸರನ್ನೇ ಇಟ್ಟ ಆ ಮನೆ ನಾವು ಹೋದಾಗ ಮುಚ್ಚಿತ್ತು. ಹೊರಡುವ ಮುಂಚೆ ತೆರೆದಿರುವ ದಿನ ನೋಡಿಕೊಳ್ಳಿ. ನಾವು ಕಿಟಕಿಯಿಂದ ಇಣುಕಿ, ಹೊಳೆದಂಡೆಯಲ್ಲಿ ಸೇಬು ತಿಂದು ಹೊರಟೆವು.

ರೈಲಿನಲ್ಲಿ ಕೂತ ಮೇಲೆ ಯಜಮಾನಿ ಕೊಟ್ಟ ಪೊಟ್ಟಣ ಬಿಚ್ಚಿದೆ. ಪ್ಲಮ್ ಹಣ್ಣಿನ ಜಾಮ್, ಬಾಟಲಿಗೆ ಕೈಬರಹದ ಚೀಟಿ. "ಏನು ಬರೆದಿದ್ದಾರೆ?" ಅಂದೆ. ಮಗಳು ಓದಿದಳು: "ಅಮ್ಮನ ಮರದ್ದು." ಚಮಚ ಇರಲಿಲ್ಲ. ಮಗಳು ಸುತ್ತ ನೋಡಿ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಬೆರಳು ಅದ್ದಿದಳು. ಆಮೇಲೆ ನಾನು. ಪ್ಯಾರಿಸ್ ಬರುವಷ್ಟರಲ್ಲಿ ಅರ್ಧ ಬಾಟಲಿ ಖಾಲಿ.